ಸೋಮವಾರದ ಹಾಳೆಯಲ್ಲಿ ಇಲ್ಲದ ಹೆಸರು

ಮುದ್ದಿನ ದುಂಬಿಗೆ,

ಅಪ್ಪ ಬರೆಯುತ್ತಿದ್ದೇನೆ. ನಾವಿಬ್ಬರೂ ಕ್ಷೇಮ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀ ಎಂದು ನಂಬಿಕೊಂಡಿದ್ದೇನೆ.

ಇಷ್ಟು ಬರೆದು ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಇಪ್ಪತ್ತಾರು ವರ್ಷದಿಂದ ವಿಶ್ವವಿದ್ಯಾಲಯದ ಸುದ್ದಿ ಹಾಳೆ ಬರೆಯುತ್ತಿರುವ ಮನುಷ್ಯನಿಗೆ ಹೆತ್ತ ಮಗಳಿಗೊಂದು ಕಾಗದ ಬರೆಯಲು ಬರುವುದಿಲ್ಲ ಎಂದರೆ ನೀನು ನಗುತ್ತೀ. ಪೆನ್ನು ಹಿಡಿದರೆ ಸಾಕು, ಕೈ ತಾನಾಗಿ 'ಈ ಮೂಲಕ ತಿಳಿಸುವುದೇನೆಂದರೆ' ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಹಾಗಾಗಿ ಮೊದಲು ಸುದ್ದಿಯನ್ನೇ ಹೇಳಿಬಿಡುತ್ತೇನೆ. ಕೈಗೆ ಸ್ವಲ್ಪ ಧೈರ್ಯ ಬರಲಿ.

ಗ್ರಂಥಾಲಯದ ಓದುವ ಕೋಣೆಯ ಸೋರಿಕೆ ಕಡೆಗೂ ನಿಂತಿದೆ. ಬಕೆಟ್ಟುಗಳನ್ನು ತೆಗೆದಿದ್ದಾರೆ. ಕ್ಯಾಂಟೀನು ಈಗ ಬೆಳಿಗ್ಗೆ ಏಳೂವರೆಗೇ ತೆರೆಯುತ್ತದೆ, ಚಹಾ ಮಾತ್ರ ಮೊದಲಿನಂತೆಯೇ, ಬಿಸಿ ಒಂದನ್ನು ಬಿಟ್ಟರೆ ಹೊಗಳಲು ಏನೂ ಇಲ್ಲ. ಭೂಗೋಳ ವಿಭಾಗದ ದೊಡ್ಡ ಗೋಳ ಮೆಟ್ಟಿಲ ಮೇಲಿಂದ ಉರುಳಿ ಒಂದು ಖಂಡ ಚಪ್ಪಟೆಯಾಗಿದೆ. ಯಾವ ಖಂಡ ಎಂಬುದರ ಬಗ್ಗೆ ವಿಭಾಗದವರಲ್ಲೇ ಒಮ್ಮತವಿಲ್ಲ. ಕುಲಸಚಿವರ ಕಚೇರಿಯ ಮೆಟ್ಟಿಲ ಕೆಳಗೆ ಬೆಕ್ಕು ಮೂರು ಮರಿ ಹಾಕಿದೆ. ಇದನ್ನು ಹಾಳೆಯಲ್ಲಿ ಹಾಕಲು ಬಿಡಲಿಲ್ಲ.

ಇನ್ನು ಮುಂದಿನ ವಾರದ ಕಾರ್ಯಕ್ರಮಗಳು. ಮಂಗಳವಾರ ಆರೋಗ್ಯ ಕೇಂದ್ರದಲ್ಲಿ ರಕ್ತದಾನ. ಬುಧವಾರ ಹನ್ನೆರಡನೇ ಕೊಠಡಿಯಲ್ಲಿ ಹಳೆಯ ನಾಣ್ಯಗಳ ಬಗ್ಗೆ ಉಪನ್ಯಾಸ, ಅದು ಮೂರನೇ ಸಲ ಮುಂದಕ್ಕೆ ಹೋಗಿ ಈಗ ಬಂದಿದೆ. ಶುಕ್ರವಾರ ಸಂಜೆ ನಾಲ್ಕಕ್ಕೆ ದೊಡ್ಡ ಸಭಾಂಗಣದಲ್ಲಿ ಜೀವಶಾಸ್ತ್ರ ವಿಭಾಗದ ಮುಖ್ಯಸ್ಥರಿಗೆ ಸನ್ಮಾನ. 'ಆವರಣದ ನಲವತ್ತಮೂರು ಬಗೆಯ ದುಂಬಿಗಳನ್ನು ಪತ್ತೆಹಚ್ಚಿದ ಸಂಶೋಧನೆಗಾಗಿ. ಎಲ್ಲರಿಗೂ ಸ್ವಾಗತ.'

ಬರೆದವನು ನಾನೇ. ಇವತ್ತು ಶನಿವಾರ ಮಧ್ಯಾಹ್ನ. ಅಚ್ಚಾದ ಆರುನೂರು ಹಾಳೆಗಳು ನನ್ನ ಮೇಜಿನ ಮೇಲೆ ನೂರರ ಕಟ್ಟಾಗಿ ಕೂತಿವೆ, ಸೋಮವಾರ ಬೆಳಿಗ್ಗೆ ಹಂಚುವುದಕ್ಕೆ. ಅವುಗಳ ಪಕ್ಕದಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ಕಚೇರಿಯಲ್ಲಿ ಬೇರೆ ಯಾರೂ ಇಲ್ಲ.

ಆ ನಲವತ್ತಮೂರು ನಿನ್ನವು. ಇದು ನಿನಗೆ ಗೊತ್ತು, ನನಗೆ ಗೊತ್ತು, ನಿನ್ನ ಅಮ್ಮನಿಗೆ ಗೊತ್ತು. ಎರಡು ವರ್ಷ, ಬೆಳಿಗ್ಗೆ ಆರಕ್ಕೆ ಟೋಪಿ ಹಾಕಿಕೊಂಡು, ಸಣ್ಣ ಬಲೆ ಹಿಡಿದುಕೊಂಡು ನೀನು ಹೊರಡುತ್ತಿದ್ದೆ. ಜೇನು ಎಂದರೆ ಗೂಡು, ಗೂಡೆಂದರೆ ಗುಂಪು ಎಂದುಕೊಂಡಿದ್ದ ನನಗೆ, ಒಂಟಿಯಾಗಿ ಬದುಕುವ ದುಂಬಿಗಳೂ ಇವೆ, ಗೋಡೆಯ ಬಿರುಕಿನಲ್ಲಿ, ಹಳೆಯ ಕಿಟಕಿಯ ಕಟ್ಟಿಗೆಯ ತೂತಿನಲ್ಲಿ ಒಂದೊಂದೇ ಮನೆ ಮಾಡುತ್ತವೆ ಎಂದು ತೋರಿಸಿಕೊಟ್ಟವಳು ನೀನು. ಇದೇ ಕಚೇರಿಯ ಕಿಟಕಿಯ ಚೌಕಟ್ಟಿನಲ್ಲಿ ಹದಿನೇಳನೆಯದು ಸಿಕ್ಕಿತ್ತು. ನಾನು ಅಚ್ಚಿನ ತಪ್ಪು ತಿದ್ದುತ್ತಿದ್ದರೆ ನೀನು ಕುರ್ಚಿ ಹತ್ತಿ ನಿಂತು, "ಅಪ್ಪ, ಉಸಿರಾಡಬೇಡ" ಎಂದಿದ್ದೆ. ನಾನು ನಿಜಕ್ಕೂ ಉಸಿರು ಬಿಗಿಹಿಡಿದಿದ್ದೆ.

ಆಮೇಲಿನದ್ದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ನಡುವೆ ಒಂದು ಕೊಂಡಿ ನಿನಗೆ ಗೊತ್ತಿಲ್ಲ. ನಿನ್ನ ಎಣಿಕೆಯನ್ನು ಮುಖ್ಯಸ್ಥರು ತಮ್ಮೊಬ್ಬರ ಹೆಸರಿನಲ್ಲಿ ಪ್ರಕಟಿಸಿದರು. ನೀನು ಪ್ರಬಂಧ ಒಪ್ಪಿಸಲು ಹೋದಾಗ, ಇದೆಲ್ಲ ಆಗಲೇ ಅವರು ಬರೆದದ್ದು, ನೀನು ನಕಲು ಮಾಡಿದ್ದೀ ಎಂದರು. ಒಡತಿಯನ್ನೇ ಕಳ್ಳಿ ಮಾಡಿದರು. ನೀನು ದೂರು ಕೊಟ್ಟೆ. ಮೂವರ ಸಮಿತಿ ಕೂತಿತು. ನಿನ್ನ ಹನ್ನೊಂದು ಟಿಪ್ಪಣಿ ಪುಸ್ತಕ ತೋರಿಸಿದೆ. ಪುಸ್ತಕಗಳು ವಿಭಾಗದ ಆಸ್ತಿ, ವಿದ್ಯಾರ್ಥಿಗಳು ಬರೆದುಕೊಳ್ಳುವುದು ಮಾರ್ಗದರ್ಶಕರು ಹೇಳಿದ್ದನ್ನೇ ತಾನೆ ಎಂದರು. ಆಗ ಮುಖ್ಯಸ್ಥರು ತಮ್ಮ ಕಡತದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ನನ್ನ ಹಾಳೆ. ಎರಡು ವರ್ಷದ ಹಿಂದಿನ ಒಂದು ಸೋಮವಾರದ್ದು.

'ಜೀವಶಾಸ್ತ್ರ ವಿಭಾಗದ ಮುಖ್ಯಸ್ಥರು ವಿಶ್ವವಿದ್ಯಾಲಯದ ಆವರಣದಲ್ಲಿ ನಲವತ್ತಮೂರು ಬಗೆಯ ಒಂಟಿ ದುಂಬಿಗಳನ್ನು ಗುರುತಿಸಿದ್ದಾರೆ.'

ಸಮಿತಿಯ ಹಿರಿಯರು ಕೇಳಿದ್ದನ್ನು ನೀನು ಅವತ್ತು ಸಂಜೆ ನನಗೆ ಫೋನಿನಲ್ಲಿ ಅಕ್ಷರಕ್ಕೆ ಅಕ್ಷರ ಹೇಳಿದೆ. "ನೋಡಮ್ಮ, ಈ ಹಾಳೆ ಬರೆಯೋದು ನಿಮ್ಮ ತಂದೆಯೇ ಅಲ್ವಾ? ಕೆಲಸ ನಿಂದಾಗಿದ್ರೆ, ಹೆತ್ತ ಅಪ್ಪನೇ ನಿನ್ನ ಹೆಸರು ಬಿಡ್ತಿದ್ರಾ?" ಅಲ್ಲಿಗೆ ಮುಗಿಯಿತು. ನೀನು ಆಮೇಲೆ ಕೇಳಿದೆ, "ಅಪ್ಪ, ಆ ಸಾಲು ಯಾರು ಬರೆದಿದ್ದು?" ನಾನು ಹೇಳಿದೆ, "ವಿಭಾಗದಿಂದ ಹಾಗೇ ಬಂದಿತ್ತಮ್ಮ, ಬಂದಿದ್ದು ಹಾಕಿದೆ." ನೀನು "ಹಾಗೇ ಅಂದ್ಕೊಂಡೆ" ಎಂದು ಫೋನಿಟ್ಟೆ. ಒಂದು ತಿಂಗಳಲ್ಲಿ ಊರು ಬಿಟ್ಟೆ. ಈಗ ಬೀಜದ ಕಂಪನಿಯಲ್ಲಿ ಪೊಟ್ಟಣಗಳ ತೇವ ಅಳೆಯುತ್ತಿದ್ದೀ.

ವಿಭಾಗದಿಂದ ಹಾಗೆ ಬಂದಿರಲಿಲ್ಲ, ಮಗಳೇ.

ಆ ವಾರ ಬಂದ ಚೀಟಿ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಮುಖ್ಯಸ್ಥರ ಸ್ವಂತ ಕೈಬರಹ. ಮೊದಲು ನಿನ್ನ ಪೂರ್ತಿ ಹೆಸರು, ಆಮೇಲೆ 'ನಮ್ಮ ಸಂಶೋಧನಾ ವಿದ್ಯಾರ್ಥಿನಿ, ನನ್ನ ಮಾರ್ಗದರ್ಶನದಲ್ಲಿ' ಎಂದು ಅವರೇ ಬರೆದಿದ್ದರು. ಆಗ ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಿನ್ನ ಹೆಸರಿನ ಮೇಲೆ ಕೆಂಪು ಪೆನ್ಸಿಲ್ ಎಳೆದವನು ನಾನು. 'ಮಾರ್ಗದರ್ಶನ'ವನ್ನೂ ತೆಗೆದು, ಗುರುತಿಸಿದವರು ಮುಖ್ಯಸ್ಥರೇ ಎಂದು ಮಾಡಿ, ವಾಕ್ಯ ಚಿಕ್ಕದಾಗಿ ಚೊಕ್ಕಟವಾಯಿತು ಎಂದು ಖುಷಿಪಟ್ಟವನೂ ನಾನೇ.

ಯಾಕೆ ಎಂದು ಕೇಳುತ್ತೀ. ಕೇಳಬೇಕು. ಅದರ ಹಿಂದಿನ ತಿಂಗಳು ನಿನಗೆ ಪ್ರಬಂಧ ಮಂಡನೆಯಲ್ಲಿ ಬಹುಮಾನ ಬಂದಿತ್ತಲ್ಲ, ಅದನ್ನು ಹಾಕಿದ್ದೆ. ಅದಕ್ಕೂ ಮುಂಚೆ ಚಿತ್ರ ಸ್ಪರ್ಧೆಯದ್ದು ಹಾಕಿದ್ದೆ. ಪರೀಕ್ಷಾ ವಿಭಾಗದ ಗುಮಾಸ್ತನಿದ್ದಾನಲ್ಲ, ನಾವು ಡಂಗುರ ಎನ್ನುತ್ತಿದ್ದೆವಲ್ಲ, ಅವನು ಕ್ಯಾಂಟೀನಿನಲ್ಲಿ ಹತ್ತು ಜನರ ಮುಂದೆ, "ಏನ್ ಸಾರ್, ಈ ವಾರ ಮಗಳ ಸುದ್ದಿ ಏನೂ ಇಲ್ವಾ? ಮನೆ ಪತ್ರಿಕೆ ಸಪ್ಪೆ ಆಯ್ತಲ್ಲ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಚಹಾ ಅರ್ಧಕ್ಕೇ ಬಿಟ್ಟು ಕಚೇರಿಗೆ ಬಂದೆ. ಅಲ್ಲಿಯ ತನಕ ಅಷ್ಟು ವರ್ಷದಲ್ಲಿ ಒಬ್ಬರೂ ನನ್ನ ಹಾಳೆಯ ಕಡೆ ಬೊಟ್ಟು ಮಾಡಿದ್ದಿಲ್ಲ. ಯಾವ ವಿಭಾಗಕ್ಕೆ ಎಷ್ಟು ಸಾಲು ಎಂದು ಅಳೆದು ತೂಗಿ ಕೊಟ್ಟವನು ನಾನು. ಆ ಹೆಸರು ಕೆಡಬಾರದು ಎಂದು ನಿನ್ನ ಹೆಸರು ತೆಗೆದೆ. ನಿಜ ಹೇಳಬೇಕೆಂದರೆ ತೆಗೆದ ಮೇಲೆ ಎದೆ ಉಬ್ಬಿತ್ತು. ನೋಡಿ, ಮಗಳಾದರೂ ನನಗೆ ಒಂದೇ, ಬೇರೆಯವರಾದರೂ ಒಂದೇ ಎಂದು ಮನಸ್ಸಿನಲ್ಲೇ ಡಂಗುರನಿಗೆ ಉತ್ತರ ಕೊಟ್ಟಿದ್ದೆ. ಬೇರೆಯವರ ಮಗಳಾಗಿದ್ದರೆ ಹೆಸರು ಬಿಡುತ್ತಿರಲಿಲ್ಲ ಎಂಬುದು ಅವತ್ತು ಹೊಳೆಯಲಿಲ್ಲ.

ಆ ಹಾಳೆ ಹೊರಬಿದ್ದ ದಿನ ಮುಖ್ಯಸ್ಥರು ನನ್ನನ್ನು ದಾರಿಯಲ್ಲಿ ನಿಲ್ಲಿಸಿದ್ದರು. "ಇದೇನ್ರೀ, ಹುಡುಗಿ ಹೆಸರೇ ಬಿಟ್ಟಿದ್ದೀರಲ್ಲ?" ಎಂದರು. ನಾನು ದೊಡ್ಡ ಮನುಷ್ಯನ ಹಾಗೆ, "ಇರಲಿ ಬಿಡಿ ಸಾರ್, ನೀವಿದ್ದೀರಲ್ಲ, ಸಾಕು" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಸರಿ, ನಿಮ್ಮಿಷ್ಟ" ಎಂದು ಹೊರಟರು. ಆ ಕ್ಷಣದಲ್ಲಿ ಅವರ ತಲೆಯೊಳಗೆ ಏನು ಬಿತ್ತೋ ನನಗೆ ಗೊತ್ತಿಲ್ಲ. ಬಿತ್ತಿದವನು ಮಾತ್ರ ನಾನು. ಬೇಲಿಯೇ ಎದ್ದು ಹೊಲ ಮೇಯ್ದಿತು ಎನ್ನುತ್ತಾರಲ್ಲ, ನಾನು ಮೇಯಲೂ ಇಲ್ಲ, ಗೇಟು ತೆಗೆದು ನಿಂತೆ.

ಸುಳ್ಳು ಹೇಳಿದ ಮೇಲೆ ನಾನು ಕೈಕಟ್ಟಿ ಕೂತಿದ್ದೆ ಎಂದುಕೊಳ್ಳಬೇಡ. ಮೊದಲು ಚೀಟಿ ಹುಡುಕಿದೆ. ಬಂದ ಚೀಟಿಗಳನ್ನು ಒಂದು ವರ್ಷ ಇಟ್ಟು ಆಮೇಲೆ ರದ್ದಿಗೆ ಹಾಕಬೇಕು ಎಂಬುದು ಪ್ರಕಟಣಾ ವಿಭಾಗದ ನಿಯಮ. ಆ ನಿಯಮ ಮಾಡಿದವನು ಯಾರು ಎಂದು ಕೇಳಬೇಡ. ಕಪಾಟಿನಲ್ಲಿ ಜಾಗವಿಲ್ಲ ಎಂದು ನಾನೇ ಟಿಪ್ಪಣಿ ಬರೆದು ಸಹಿ ಹಾಕಿಸಿದ್ದೆ. ಆದರೂ ಎರಡು ಭಾನುವಾರ ಬಂದು ಕಪಾಟಿನ ಹಿಂದೆ, ಡ್ರಾಯರುಗಳ ಕೆಳಗೆ ಕೈಯಾಡಿಸಿದೆ. ಸಿಕ್ಕಿದ್ದು ಒಂದು ಹಳೆಯ ಕನ್ನಡಕದ ಕಾಲು.

ಆಮೇಲೆ ಬಾಯಿಮಾತಿನಲ್ಲಾದರೂ ಹೇಳೋಣ ಎಂದು ಹೊರಟೆ. ಹೊರಡುವುದಕ್ಕೇ ನಾಲ್ಕು ತಿಂಗಳು ಬೇಕಾಯಿತು, ದುಂಬಿ. ಪ್ರತಿದಿನ ಕುಲಸಚಿವರ ಕೋಣೆಯ ತನಕ ಹೋಗಿ, ಬಾಗಿಲಲ್ಲಿ ಯಾರಾದರೂ ಕಂಡರೆ ಬೇರೆ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಕಡೆಗೆ ಒಳಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕಡತ ತರಿಸಿ ನೋಡಿದರು. ಸಮಿತಿಯ ತೀರ್ಮಾನದ ಮೇಲೆ ಮರುವಿಚಾರಣೆ ಕೇಳಲು ಇದ್ದ ಗಡುವು ಮುಗಿದು ಹನ್ನೊಂದು ದಿನವಾಗಿತ್ತು. "ಹನ್ನೆರಡು ದಿನ ಮುಂಚೆ ಬಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು. ಆಮೇಲೆ ಕನ್ನಡಕ ತೆಗೆದಿಟ್ಟು, ನನ್ನ ಮೇಲೆ ಕನಿಕರದಿಂದಲೇ ಹೇಳಿದರು, "ಬಂದಿದ್ರೂ ಯಾರು ನಂಬ್ತಿದ್ರು ಹೇಳಿ. ಅವತ್ತು ಮಗಳು ಅಂತ ತೆಗೆದೆ ಅಂತೀರಿ, ಇವತ್ತು ಮಗಳು ಅಂತ ಸೇರಿಸ್ತಿದ್ದೀರಿ." ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಲು ಹೋದವನನ್ನು ನೋಡಿ ಬಾಗಿಲೇ ನಕ್ಕಿತು.

ಹಾಗಾದರೆ ಹಾಳೆಯಲ್ಲಿ ಒಂದು ತಿದ್ದುಪಡಿ ಹಾಕುತ್ತೇನೆ ಎಂದೆ. ಒಂದೇ ಸಾಲು, ಸಣ್ಣ ಅಕ್ಷರ. ತಿದ್ದುಪಡಿಗೆ ಆಯಾ ವಿಭಾಗದ ಮುಖ್ಯಸ್ಥರ ಸಹಿ ಬೇಕು ಎಂದರು. ಅದೂ ಹಳೆಯ ನಿಯಮವೇ. ಅದು ಮಾತ್ರ ನಾನು ಮಾಡಿದ್ದಲ್ಲ.

ಹೋದೆ. ಅವರ ಕೋಣೆಗೇ ಹೋದೆ. ನಿನ್ನ ಟಿಪ್ಪಣಿ ಪುಸ್ತಕಗಳು ಗಾಜಿನ ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು. ಬೆನ್ನಿನ ಮೇಲೆ ನೀನು ಅಂಟಿಸಿದ್ದ ಹಸಿರು ಪಟ್ಟಿ ಇನ್ನೂ ಹಾಗೇ ಇದೆ. ಮನುಷ್ಯ ರಾಕ್ಷಸನಾಗಿದ್ದರೆ ಎಷ್ಟೋ ಸಲೀಸಾಗಿರುತ್ತಿತ್ತು. ಅವರು ಎದ್ದು ನಿಂತು ಕುರ್ಚಿ ಕೊಟ್ಟರು. ಚಹಾ ತರಿಸಿದರು. ನಿನ್ನ ಅಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದರು. ನಾನು ವಿಷಯ ಹೇಳಿದಾಗ ಲೋಟ ಕೆಳಗಿಟ್ಟು, ಒಂದಿಷ್ಟೂ ದನಿ ಏರಿಸದೆ ಹೇಳಿದರು, "ನೋಡಿ, ನಾನಂತೂ ಅವಳ ಹೆಸರು ಬರೆದೇ ಕಳಿಸಿದ್ದೆ. ತೆಗೆದಿದ್ದು ನೀವು. ದಾರೀಲಿ ಸಿಕ್ಕಿ ಕೇಳಿದಾಗ್ಲೂ ಬೇಡ ಅಂದ್ರಿ. ಅಪ್ಪನೇ ಬೇಡ ಅಂದ ಮೇಲೆ ನಾನ್ಯಾಕ್ರೀ ಬೇಕು ಅನ್ಲಿ?"

ಆಮೇಲೆ ಪ್ರಕಟಿಸಿದ ಸಂಶೋಧನೆಯಲ್ಲಿ ನಿಮ್ಮ ಹೆಸರೊಂದೇ ಹಾಕಿಕೊಂಡದ್ದು ನಾನು ಹೇಳಿದ್ದಕ್ಕಾ ಎಂದು ಕೇಳಬೇಕಿತ್ತು. ಆ ಮಾತು ಅವರ ಕೋಣೆಯಿಂದ ಹೊರಗೆ ಬಂದು, ಮೆಟ್ಟಿಲಿಳಿದು, ಸೈಕಲ್ ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ ಬಾಯಿಗೆ ಬಂತು. ಅಲ್ಲಿ ನಿಂತು ಗಟ್ಟಿಯಾಗಿಯೇ ಹೇಳಿದೆ. ಕಾವಲಿನವನು ತಿರುಗಿ ನೋಡಿದ.

ಕೋಣೆಯಲ್ಲಿ ನಾನು ಕುಡಿದದ್ದು ಪೂರ್ತಿ ಲೋಟ ಚಹಾ. ಅದನ್ನೂ ಹೇಳಿಬಿಡುತ್ತೇನೆ. ಹೊರಡುವಾಗ ಅವರು ಬಾಗಿಲ ತನಕ ಬಂದು, "ಶುಕ್ರವಾರ ನೀವೂ ವೇದಿಕೆ ಮೇಲೆ ಇರಬೇಕು. ಇದನ್ನ ಮೊದಲು ಸುದ್ದಿ ಮಾಡಿದ್ದು ನೀವೇ ಅಲ್ವಾ? ಹಾಳೆಗೂ ಒಂದು ಗೌರವ" ಎಂದರು. ಕುಹಕವಿರಲಿಲ್ಲ. ನಿಜವಾಗಿಯೂ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದರು.

ನಿನ್ನ ಅಮ್ಮನಿಗೆ ಹೋದ ವಾರ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಿನ್ನ ಹಳೆಯ ಟೋಪಿ ಬಂತು, ಅದನ್ನೂ ಮಡಚಲು ನೋಡಿದಳು, ಟೋಪಿ ಮಡಚಲು ಬರುವುದಿಲ್ಲವಲ್ಲ, ಹಾಗೇ ತೊಡೆಯ ಮೇಲಿಟ್ಟುಕೊಂಡು ಕೂತಳು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು. ಅಷ್ಟೇ. ಅವತ್ತಿನಿಂದ ಊಟಕ್ಕೆ ಬಡಿಸುತ್ತಾಳೆ, ಎದುರು ಕೂರುವುದಿಲ್ಲ. "ಅವಳಿಗೆ ನೀವೇ ಹೇಳಬೇಕು, ನಾನು ಹೇಳಲ್ಲ" ಎಂದು ನಿನ್ನೆ ಗೋಡೆಗೆ ಹೇಳಿದಳು. ಗೋಡೆಯ ಪಕ್ಕ ನಾನಿದ್ದೆ.

ಈ ವಾರದ ಹಾಳೆಯಲ್ಲಿ ಏನಾದರೂ ಮಾಡೋಣ ಎಂದು ನೋಡಿದೆ. ಸನ್ಮಾನದ ಸಾಲಿನ ಕೊನೆಗೆ ನಿನ್ನ ಹೆಸರು ಸೇರಿಸಿ, 'ಇವರ ಕ್ಷೇತ್ರ ಎಣಿಕೆಯ ಆಧಾರದ ಮೇಲೆ' ಎಂದು ಬರೆದೆ. ಅಚ್ಚಿಗೆ ಮುಂಚೆ ಕರಡು ಕುಲಸಚಿವರ ಮೇಜಿಗೆ ಹೋಗಬೇಕು. ಹೋಯಿತು. ವಾಪಸು ಬಂದಾಗ ನಿನ್ನ ಹೆಸರಿನ ಮೇಲೆ ಗೆರೆ ಇತ್ತು. ನೀಲಿ ಶಾಯಿ, ಅಳತೆಪಟ್ಟಿ ಇಟ್ಟು ಎಳೆದ ನೇರ ಗೆರೆ. ಜಗಳಕ್ಕೆ ಹೋಗಬೇಕು ಎಂದು ಎದ್ದೆ. ಎದ್ದವನು ಏನೆಂದು ಜಗಳವಾಡಲಿ, ಅದೇ ಹೆಸರಿನ ಮೇಲೆ ಮೊದಲ ಗೆರೆ ಎಳೆದದ್ದು ನಾನೇ ಆಗಿರುವಾಗ? ಕೂತು ಶುದ್ಧಪ್ರತಿ ಮಾಡಿದೆ. ಅಚ್ಚಿಗೆ ಕೊಟ್ಟೆ.

ಶುಕ್ರವಾರ ವೇದಿಕೆಯ ಮೇಲೆ ಎದ್ದು ನಿಂತು ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು ನಿನಗೆ ಬರೆಯಲು ಎಷ್ಟು ಆಸೆಯಾಗುತ್ತಿದೆ ಗೊತ್ತಾ? ಮೂರು ಸಲ ಆ ವಾಕ್ಯ ಬರೆದು ಮೂರು ಸಲ ಕಾಗದ ಹರಿದೆ. ನಿನ್ನ ಅಪ್ಪ ಯಾವತ್ತೂ ಸಭೆಯಲ್ಲಿ ಎದ್ದು ನಿಂತವನಲ್ಲ. ಮೈಕು ಕೈಗೆ ಬಂದರೆ ಕುರ್ಚಿ ಸರಿಪಡಿಸುವ ನೆಪದಲ್ಲಿ ಬಗ್ಗುವವನು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಇರುವ ಮನೆ ವಿಶ್ವವಿದ್ಯಾಲಯದ್ದು. ಇವೆಲ್ಲ ಕಾರಣಗಳೇ, ಆದರೆ ಇವು ಯಾವುವೂ ಇಲ್ಲದಿದ್ದರೂ ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಸುಳ್ಳು ಹೇಳಿ ನಿನ್ನನ್ನು ಊರು ಬಿಡಿಸಿದ್ದೇನೆ. ಇನ್ನೊಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಹೋಗದೆ ಇರಬಹುದು ಎಂದುಕೊಂಡಿದ್ದೇನೆ. ಹೊಟ್ಟೆನೋವು ಎನ್ನಬಹುದು. ನನ್ನ ಕೈಲಾಗುವ ಪ್ರತಿಭಟನೆ ಅಷ್ಟು.

ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು. ಕೊನೆಯಲ್ಲಿ ನನ್ನ ಹುದ್ದೆಯನ್ನೂ ಹಾಕಿರುತ್ತೇನೆ, ನಿನಗೆ ಬರೆಯುವ ಕಾಗದಕ್ಕೆ ಅದು ಚೆನ್ನಾಗಿ ಕಾಣುವುದಿಲ್ಲ, ಆದರೂ. ಯಾವ ಕಚೇರಿಯಲ್ಲೂ ಇದಕ್ಕೆ ಬೆಲೆ ಇಲ್ಲ ಎಂದು ಕುಲಸಚಿವರು ಹೇಳಿದ್ದಾರೆ. ನಿನ್ನ ಮನಸ್ಸಿನ ಕಚೇರಿಯಲ್ಲಿ ನನ್ನ ಮೇಲೆ ದೂರು ಕೊಡಲಿಕ್ಕಾದರೂ ಬೇಕಾಗುತ್ತದೆ, ಇಟ್ಟುಕೋ. ನೀನು ಇಷ್ಟು ದಿನ ಒಬ್ಬನೇ ಮನುಷ್ಯನ ಮೇಲೆ ಪೂರ್ತಿ ಸಿಟ್ಟು ಇಟ್ಟುಕೊಂಡಿದ್ದೆ. ಅರ್ಧ ನನಗೆ ಸೇರಬೇಕಾದ್ದು. ಅರ್ಧಕ್ಕಿಂತ ಜಾಸ್ತಿಯೇ ಇರಬಹುದು.

ಇನ್ನು ಒಂದೇ ಒಂದು ಉಳಿದಿದೆ. ಅಮ್ಮನಿಗೂ ಹೇಳಿಲ್ಲ.

ಆ ಸೋಮವಾರ ಬೆಳಿಗ್ಗೆ ನೀನು ಕಚೇರಿಗೆ ಬಂದಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ. ಬಲೆ ಹೆಗಲಿಗಿತ್ತು, ಬೂಟಿನ ತುಂಬ ಹುಲ್ಲು. ಕಟ್ಟಿನ ಮೇಲಿನ ಮೊದಲ ಹಾಳೆ ತೆಗೆದುಕೊಂಡು ಕಿಟಕಿಯ ಹತ್ತಿರ ನಿಂತು ಓದಿದೆ. ನಾನು ಫೈಲು ನೋಡುವ ಹಾಗೆ ನಟಿಸುತ್ತ ನಿನ್ನನ್ನೇ ನೋಡುತ್ತಿದ್ದೆ. ದುಂಬಿಗಳ ಸಾಲಿಗೆ ಬಂದಾಗ ನಿನ್ನ ಮುಖ ಅರಳಿತು. ಸಾಲು ಮುಗಿಯಿತು. ನೀನು ಮತ್ತೆ ಮೊದಲಿನಿಂದ ಓದಿದೆ. ಆಮೇಲೆ ಹಾಳೆ ತಿರುಗಿಸಿದೆ, ಮುಂದುವರಿದ ಭಾಗ ಹಿಂದೆ ಇರಬಹುದೇನೋ ಎನ್ನುವ ಹಾಗೆ. ಕಾರ್ಯಕ್ರಮಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಬೆರಳಿಟ್ಟು ಓದಿದೆ. ಮತ್ತೆ ಮುಂದಕ್ಕೆ ತಿರುಗಿಸಿದೆ. ಆಮೇಲೆ ಹಾಳೆಯನ್ನು ನೀಟಾಗಿ ಮಡಚಿ ಪುಸ್ತಕದೊಳಗಿಟ್ಟು, "ಚೆನ್ನಾಗಿ ಬಂದಿದೆ ಅಪ್ಪ" ಎಂದು ನಕ್ಕು ತರಗತಿಗೆ ಹೋದೆ.

ನೀನು ಕೇಳಿದ್ದರೆ, ಜಾಗ ಸಾಲಲಿಲ್ಲಮ್ಮ ಎನ್ನಲು ಮಾತು ತಯಾರು ಮಾಡಿಟ್ಟುಕೊಂಡಿದ್ದೆ. ನೀನು ಕೇಳಲಿಲ್ಲ.

ಜಾಗ ಇತ್ತು, ಮಗಳೇ. ನಿನ್ನ ಹೆಸರು ತೆಗೆದ ಮೇಲೆ ಆ ಹಾಳೆಯ ಕೊನೆಯಲ್ಲಿ ಒಂದು ಸಾಲು ಖಾಲಿ ಉಳಿಯಿತು. ಖಾಲಿ ಬಿಟ್ಟರೆ ಚೆಂದ ಕಾಣುವುದಿಲ್ಲ ಎಂದು ಅಲ್ಲಿ ನಾನು ಹಾಕಿದ್ದು, 'ಕೊಠಡಿಯಿಂದ ಹೊರಡುವಾಗ ದಯವಿಟ್ಟು ದೀಪ ಆರಿಸಿ.'

ಉತ್ತರ ಬರೆಯಲೇಬೇಕು ಎಂದೇನಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಕಣ್ಣಿಗೆ ವಿಶ್ರಾಂತಿ ಕೊಡು. ನೀನು ಕಂಡದ್ದೆಲ್ಲ ನಿನ್ನ ಹೆಸರಿನಲ್ಲೇ ಉಳಿಯಲಿ. ಅದನ್ನು ಅಳಿಸುವ ಕೈ ನಿನ್ನ ಹತ್ತಿರ ಸುಳಿಯದಿರಲಿ, ಅದು ಅಪ್ಪನ ಕೈಯೇ ಆದರೂ.

ನಿನ್ನ ಮುಂದೆ ತಲೆ ತಗ್ಗಿಸಿ ನಿಂತಿರುವ,
ನಿನ್ನ ಅಪ್ಪ
(ಹಿರಿಯ ಗುಮಾಸ್ತ, ಪ್ರಕಟಣಾ ವಿಭಾಗ)